ಕೇಳಿದವನು ಹೇಳಬೇಕಾ?

ಅವ್ವನಿಗೆ ಅಂತ ಆನ್‌ಲೈನಲ್ಲಿ ತರಿಸಿದ ಎಮರ್ಜೆನ್ಸಿ ರೇಡಿಯೋಗೆ ಮೂರು ಸಾವಿರದ ಚಿಲ್ಲರೆ ಆಯ್ತು. ಹಿಂದೆ ಕೈಯಲ್ಲಿ ತಿರುಗಿಸೋ ಹ್ಯಾಂಡಲ್, ತಲೆ ಮೇಲೆ ಸೋಲಾರ್ ಪ್ಲೇಟು, ಮುಂದೆ ಟಾರ್ಚು, ಪಕ್ಕದಲ್ಲಿ ಫೋನ್ ಚಾರ್ಜ್ ಮಾಡೋಕೆ ಪೋರ್ಟು, ಒತ್ತಿದರೆ ಊರೆಲ್ಲ ಎದ್ದು ಕೂರೋ ಹಾಗೆ ಕಿರುಚುವ ಕೆಂಪು ಬಟನ್ನು. ಕೊಳ್ಳೋ ಮೊದಲು ಮೂರು ರಾತ್ರಿ ಕೂತು ರಿವ್ಯೂ ಓದಿದ್ದೆ. ಆಫೀಸಿನಲ್ಲಿ ಟೀಮಿನವರ ಕೋಡನ್ನೂ ಅಷ್ಟು ಶ್ರದ್ಧೆಯಿಂದ ರಿವ್ಯೂ ಮಾಡಿದವನಲ್ಲ ನಾನು.

ಆ ಶ್ರದ್ಧೆಗೆ ಒಂದು ಕಾರಣ ಇತ್ತು. ಅದನ್ನ ಮೊದಲು ಹೇಳಿಬಿಡ್ತೀನಿ.

ನಮ್ಮೂರು ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ, ಕಾವೇರಿ ದಡದಲ್ಲಿದೆ. 2024ರ ಜುಲೈ ಕೊನೆಯಲ್ಲಿ ಕೊಡಗಿನ ಕಡೆ ಜೋರು ಮಳೆ. ಕೆಆರ್‌ಎಸ್ ತುಂಬಿತ್ತು, ಅಣೆಕಟ್ಟೆಯಿಂದ ಬಿಡ್ತಿದ್ದ ನೀರು ಲಕ್ಷ ಕ್ಯುಸೆಕ್ ದಾಟಿತ್ತು. ಒಂದು ಕ್ಯುಸೆಕ್ ಅಂದ್ರೆ ಸೆಕೆಂಡಿಗೆ ಸುಮಾರು 28 ಲೀಟರ್. ಲಕ್ಷ ಕ್ಯುಸೆಕ್ ಅಂದ್ರೆ ಸೆಕೆಂಡಿಗೆ 28 ಲಕ್ಷ ಲೀಟರ್. ಬೆಂಗಳೂರಿನ ಫ್ಲ್ಯಾಟಲ್ಲಿ ಮಲಗೋ ಮುಂಚೆ ಫೋನ್ ಉಜ್ಜುತ್ತಿದ್ದಾಗ, ಹೊರಹರಿವು ಇನ್ನೂ ಹೆಚ್ಚಿಸ್ತಾರೆ ಅನ್ನೋ ಸುದ್ದಿ ಕಣ್ಣಿಗೆ ಬಿತ್ತು. ತಕ್ಷಣ ಅವ್ವನಿಗೆ ಫೋನ್ ಮಾಡಿದೆ.

"ನಮ್ಮನೆ ಎತ್ರುದಲ್ಲೈತೆ ಕಣಪ್ಪ, ಇಲ್ಲಿಗ್ಯಾಕ್ ಬತ್ತದೆ ನೀರು? ನೀನ್ ಮಲೀಕೊ" ಅಂದ್ಲು.

ಆ ಹೊತ್ತಿಗೆ ಪಕ್ಕದ ಮನೆ ಮಾವ ತಲೆಗೆ ಬಂದ. ಸಂಬಂಧದಲ್ಲಿ ಮಾವ ಅಲ್ಲ, ಕರೆಯೋದು ಹಾಗೆ. ಹೊಳೆ ದಂಡೇಲಿ ಗುತ್ತಿಗೆಗೆ ಜಮೀನು ಮಾಡ್ಕೊಂಡಿದ್ದ. ಅಲ್ಲೇ ಅವನ ಮೋಟರು, ಪೈಪು, ಒಂದು ಶೆಡ್ಡು, ಶೆಡ್ಡಿನಲ್ಲಿ ಮೇಕೆ. "ಮಾವನಿಗೆ ಗೊತ್ತಾ ಅವ್ವ?" ಅಂತ ಕೇಳಬೇಕು ಅನ್ನಿಸ್ತು. ಕೇಳಲಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಮೀಟಿಂಗ್ ಇತ್ತು. ಯಾರಾದ್ರೂ ಹೇಳಿರ್ತಾರೆ ಬಿಡು ಅಂದ್ಕೊಂಡೆ. ಸಂಜೆ ಆಟೋಗೆ ಮೈಕ್ ಕಟ್ಟಿಕೊಂಡು ಊರಲ್ಲಿ ಸಾರಿದ್ದರಂತೆ, ಅಲ್ಲಿಗೆ ಸರ್ಕಾರದ ಕೆಲಸ ಸರಿಯಾಗೇ ಆಗಿತ್ತು. ಆದರೆ ಮಾವ ಅವತ್ತು ಕೆ.ಆರ್. ಪೇಟೆಯಲ್ಲಿ ನೆಂಟರ ಮನೆ ತಿಥಿಗೆ ಹೋಗಿದ್ದವನು ಕೊನೇ ಬಸ್ಸಿಗೆ ಬಂದು ಮಲಗಿದ್ದ. ಮೈಕಿನವರು ಬಂದದ್ದು ಅವನಿಗೆ ಗೊತ್ತೇ ಇಲ್ಲ.

ಬೆಳಗ್ಗೆ ಹೊತ್ತಿಗೆ ಮೋಟರು ನೀರಲ್ಲಿ ಮುಳುಗಿತ್ತು. ಮೇಕೆ ಮತ್ತು ಅದರ ಎರಡು ಮರಿ ಹೋಗಿದ್ದವು.

ಯಾರೂ ನನ್ನನ್ನ ಒಂದು ಮಾತು ಅನ್ನಲಿಲ್ಲ. ಅನ್ನೋಕೆ ಯಾರಿಗೂ ಏನೂ ಗೊತ್ತಿರಲಿಲ್ಲ. ವಾರ ಬಿಟ್ಟು ಊರಿಗೆ ಹೋದಾಗ ಮಾವನೇ, "ಹೊಳೆ ಏನು ನಮ್ಮುನ್ ಕೇಳ್ಕಂಡ್ ಬತ್ತದಾ ಮಗ?" ಅಂತ ನಕ್ಕ. ಹೊಳೆ ಕೇಳಲ್ಲ, ನಿಜ. ಆದರೆ ಅವತ್ತು ರಾತ್ರಿ ಕೇಳಿಸಿಕೊಂಡವನು ನಾನು. ಸುಮ್ಮನಿದ್ದವನೂ ನಾನೇ.

ಎಂಟು ದಿನದಲ್ಲಿ ರೇಡಿಯೋ ಆರ್ಡರ್ ಮಾಡಿದೆ. ನಮ್ಮ ತಲೆಮಾರಿಗೆ ಮನಸ್ಸಿಗೆ ಚುಚ್ಚಿದಾಗ ಕೈ ಹೋಗೋದು ಕಾರ್ಟಿಗೆ ಅಲ್ವಾ? ಅಪ್ಪ ಅಮ್ಮನ ಜೊತೆ ಇರೋಕಾಗಲ್ಲ, ಬಿಪಿ ನೋಡೋ ಮಷೀನ್ ಕಳಿಸ್ತೀವಿ. ಮಾತಾಡೋಕೆ ಪುರುಸೊತ್ತಿಲ್ಲ, ಹೊಸ ಫೋನ್ ಕೊಡಿಸ್ತೀವಿ.

ಗಣೇಶನ ಹಬ್ಬಕ್ಕೆ ರೇಡಿಯೋ ತಗೊಂಡು ಊರಿಗೆ ಹೋದೆ. ಸಂಜೆ ಮಳೆ ಬಂತು, ಕರೆಂಟು ಹೋಯ್ತು. ಟೆಸ್ಟ್ ಮಾಡೋಕೆ ಇದಕ್ಕಿಂತ ಒಳ್ಳೆ ಹೊತ್ತು ಸಿಗಲ್ಲ ಅಂತ ಜಗಲಿ ಮೇಲೆ ಕೂತು ಹ್ಯಾಂಡಲ್ ತಿರುಗಿಸಿದೆ. ದೊಡ್ಡಪ್ಪ ಬಂದು ನೋಡಿ, "ಇದೇನ್ಲಾ, ಕಬ್ಬಿನ್ ಹಾಲಿನ್ ಮಷೀನಾ?" ಅಂದ.

ರಿವ್ಯೂಗಳಲ್ಲಿ ಎಲ್ಲರೂ ಹೊಗಳಿದ್ದ ಹವಾಮಾನ ಎಚ್ಚರಿಕೆಯ ಬಟನ್ ಮೊದಲು ಒತ್ತಿದೆ. ಬರೀ ಸೊಂಯ್ ಅನ್ನೋ ಶಬ್ದ. ಆಮೇಲೆ ಗೊತ್ತಾಯ್ತು, ಅದು ಅಮೆರಿಕದ ಹವಾಮಾನ ಇಲಾಖೆ 162 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ನಡೆಸೋ ಸೇವೆ. ನಮ್ಮ ದೇಶದಲ್ಲಿ ಅಂಥ ಪ್ರಸಾರವೇ ಇಲ್ಲ. ಆ ಬಟನ್ನು ನಮ್ಮೂರಲ್ಲಿ ನೂರು ವರ್ಷ ಒತ್ತಿದರೂ ಸೊಂಯ್ ಅಂತಲೇ ಇರುತ್ತೆ.

ಸರಿ, ಮೀಡಿಯಂ ವೇವ್‌ಗೆ ಹಾಕಿ ಬೆಂಗಳೂರು ಆಕಾಶವಾಣಿ ಹುಡುಕಿದೆ. ಅದು ಬರೋದು 612 ಕಿಲೋಹರ್ಟ್ಸ್‌ನಲ್ಲಿ. ನನ್ನ ರೇಡಿಯೋ 610 ಅಂತು, ಆಮೇಲೆ 620 ಅಂತು. ಮಧ್ಯ ನಿಲ್ಲಲೇ ಇಲ್ಲ. ಅಮೆರಿಕದಲ್ಲಿ ಮೀಡಿಯಂ ವೇವ್ ಸ್ಟೇಷನ್‌ಗಳ ನಡುವೆ 10 ಕಿಲೋಹರ್ಟ್ಸ್ ಅಂತರ, ನಮ್ಮಲ್ಲಿ 9. ಅಲ್ಲಿಗೆ ಅಂತ ಮಾಡಿದ ಡಿಜಿಟಲ್ ಸೆಟ್ಟಿಗೆ ನಮ್ಮ ಸ್ಟೇಷನ್ ಇದೆ ಅನ್ನೋದೇ ಗೊತ್ತಿಲ್ಲ. ಎಫ್‌ಎಂನಲ್ಲಿ ಮೈಸೂರು ಆಕಾಶವಾಣಿ 100.6 ಸಿಕ್ಕಿತು. ಆದರೆ ಸ್ಪೀಕರ್ ಇದ್ದದ್ದು ರೂಪಾಯಿ ನಾಣ್ಯದಷ್ಟು. ಮಳೆ ಸದ್ದಿನಲ್ಲಿ ಕಿವಿಗೆ ಹಿಡಿದರೆ ಮಾತ್ರ ಕೇಳುತ್ತಿತ್ತು.

ಅವ್ವ ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಅಟ್ಟದಿಂದ ಅಪ್ಪನ ಹಳೇ ಟ್ರಾನ್ಸಿಸ್ಟರ್ ಇಳಿಸಿಕೊಂಡು ಬಂದಳು. ಅಂಗಡಿಯಿಂದ ದಪ್ಪ ಸೆಲ್ಲು ತರಿಸಿ ಹಾಕಿದ್ವಿ. ಅಪ್ಪ ಮಾಡ್ತಿದ್ದ ಹಾಗೇ ಸೆಟ್ಟನ್ನ ಒಂಚೂರು ಆ ಕಡೆ, ಒಂಚೂರು ಈ ಕಡೆ ತಿರುಗಿಸಿದಳು. ಸಣ್ಣವನಿದ್ದಾಗ ಅಪ್ಪನ ಈ ಕೆಲಸ ನೋಡಿ ನಗುತ್ತಿದ್ದೆ. ಅದರಲ್ಲಿ ಸೈನ್ಸ್ ಇದೆ. ಮೀಡಿಯಂ ವೇವ್ ಹಿಡಿಯೋ ಆಂಟೆನಾ ಪೆಟ್ಟಿಗೆ ಒಳಗೆ ಅಡ್ಡ ಮಲಗಿಸಿದ ಕಪ್ಪು ಫೆರೈಟ್ ಕಡ್ಡಿ, ಅದನ್ನ ಸರಿ ದಿಕ್ಕಿಗೆ ತಿರುಗಿಸಿದರೆ ದನಿ ಏರುತ್ತೆ. ಕರೆಂಟು ಹೋಗಿದ್ದದ್ದೂ ಒಳ್ಳೇದಾಯ್ತು. ಎಲ್‌ಇಡಿ ಬಲ್ಬು, ಚಾರ್ಜರ್‌ಗಳು ಎಬ್ಬಿಸೋ ಗೊರಗೊರ ಇರಲಿಲ್ಲ. ಕತ್ತಲಲ್ಲಿ ಕನ್ನಡ ವಾರ್ತೆ ಖಣಿ ಖಣಿ ಅಂತ ಬಂತು.

ಎರಡು ನಿಮಿಷ ಆಗಿರಬಹುದು. ಗೋಡೆ ಆಚೆಯಿಂದ ಮಾವನ ದನಿ: "ಏನಂತಕ್ಕಾ, ಡ್ಯಾಮ್ ಇಸ್ಯ ಏನಾರ ಹೇಳುದ್ರಾ?"

ಅವ್ವ ನನ್ನ ಕಡೆ ತಿರುಗಿ, "ನೋಡು, ಇದಾದ್ರೆ ಪಕ್ಕದ್ ಮನೇಗೂ ಕೇಳ್ತದೆ" ಅಂದ್ಲು. ಅವಳು ಹೇಳಿದ್ದು ಸ್ಪೀಕರ್ ಬಗ್ಗೆ ಮಾತ್ರ. ಜುಲೈ ರಾತ್ರಿಯ ವಿಷಯ ಅವಳಿಗೆ ಗೊತ್ತಿರಲಿಲ್ಲ. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಎಮರ್ಜೆನ್ಸಿ ರೇಡಿಯೋ ಆರಿಸೋವಾಗ ನಾವು ಕೇಳೋ ಪ್ರಶ್ನೆಗಳನ್ನೇ ನೋಡಿ. ಬ್ಯಾಟರಿ ಎಷ್ಟು ಗಂಟೆ ಬರುತ್ತೆ? ನನ್ನ ಫೋನ್ ಚಾರ್ಜ್ ಆಗುತ್ತಾ? ನಾನು ಕತ್ತಲಲ್ಲಿ ಸಿಕ್ಕಿಕೊಂಡರೆ ಟಾರ್ಚ್ ಇದೆಯಾ? ಎಲ್ಲದರಲ್ಲೂ ನಾನು. ಪ್ರವಾಹ ಬಂದರೆ ಜಗತ್ತಲ್ಲಿ ನಾನೊಬ್ಬನೇ ಉಳಿದಿರ್ತೀನಿ ಅನ್ನೋ ಹಾಗೆ. ಇದು ಎಷ್ಟು ಜನಕ್ಕೆ ಕೇಳಿಸುತ್ತೆ ಅನ್ನೋ ಪ್ರಶ್ನೆಯನ್ನ ನಾನು ಓದಿದ ಯಾವ ರಿವ್ಯೂನಲ್ಲೂ ಯಾರೂ ಕೇಳಿರಲಿಲ್ಲ.

ರೇಡಿಯೋ ಹುಟ್ಟಿದ್ದೇ ಆ ಪ್ರಶ್ನೆಯಿಂದ. ನಮ್ಮೂರಿಂದ ಹದಿನೈದು ಇಪ್ಪತ್ತು ಕಿಲೋಮೀಟರ್ ದೂರದ ಮೈಸೂರಲ್ಲಿ 1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರು ಮಾಡಿದರು. ಆ ಕೇಂದ್ರದ ಹೆಸರು ‘ಆಕಾಶವಾಣಿ’. ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರಾಯ್ತು. ಒಂದು ಮನೆಯಿಂದ ಹೊರಟ ದನಿ ಊರಿಗೆ ತಲುಪಬೇಕು ಅನ್ನೋದು ಅವರ ಹಂಬಲ. ಹ್ಯಾಂಡಲ್ ತಿರುಗಿಸೋ ರೇಡಿಯೋ ಕಥೆಯೂ ಹಾಗೇ. 1990ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಟ್ರೆವರ್ ಬೇಲಿಸ್, ಆಫ್ರಿಕಾದಲ್ಲಿ ಏಡ್ಸ್ ಹರಡ್ತಿರೋ ಬಗ್ಗೆ ಟೀವಿ ಕಾರ್ಯಕ್ರಮ ನೋಡಿದರು. ಮಾಹಿತಿ ತಲುಪಿಸೋಕೆ ರೇಡಿಯೋ ಬೇಕು, ಆದರೆ ಅಲ್ಲಿ ಕರೆಂಟಿಲ್ಲ, ಸೆಲ್ಲು ಕೊಳ್ಳೋಕೆ ಕಾಸಿಲ್ಲ. ಗಡಿಯಾರದ ಹಾಗೆ ಸ್ಪ್ರಿಂಗ್ ಸುತ್ತಿ ಓಡಿಸೋ ರೇಡಿಯೋ ಅವರು ಕಂಡುಹಿಡಿದದ್ದು ಅದಕ್ಕೆ. ಬಡವರ ಊರಿಗೆ ಸುದ್ದಿ ಮುಟ್ಟಿಸೋಕೆ ಅಂತ ಬಂದ ವಸ್ತು ಈಗ ನಮ್ಮ ಕೈಗೆ ಬಂದು ‘ನನ್ನ ಸರ್ವೈವಲ್ ಕಿಟ್’ ಆಗಿದೆ.

ಇದಕ್ಕೆ ಎದುರು ವಾದ ಇಲ್ಲವಾ? ಇದೆ. ನಾನೇ ನನ್ನ ಜೊತೆ ತಿಂಗಳುಗಟ್ಟಲೆ ವಾದ ಮಾಡಿದ್ದೀನಿ.

ಮೊದಲನೇದು: ಎಚ್ಚರಿಸೋದು ಸರ್ಕಾರದ ಕೆಲಸ, ನಂದಲ್ಲ. ಹೌದು, ಅವರದ್ದೇ. ಆದರೆ ಸರ್ಕಾರ ಊರಿನವರೆಗೆ ಬರುತ್ತೆ. ಮಾವ ಇವತ್ತು ಯಾವ ಊರಿಗೆ ಹೋಗಿದ್ದಾನೆ, ಅವನ ಮೇಕೆ ಯಾವ ಶೆಡ್ಡಲ್ಲಿದೆ ಅನ್ನೋದು ಸರ್ಕಾರಕ್ಕೆ ಗೊತ್ತಿರಲ್ಲ. ನನಗೆ ಗೊತ್ತಿತ್ತು. ನನ್ನ ಹೊಣೆ ಹುಟ್ಟೋದು ನಾನು ದೊಡ್ಡ ಮನುಷ್ಯ ಅಂತ ಅಲ್ಲ, ಬೇರೆಯವರಿಗೆ ಗೊತ್ತಿಲ್ಲದ ಆ ಒಂದು ಸಣ್ಣ ವಿಷಯ ನನಗೆ ಗೊತ್ತಿದೆ ಅನ್ನೋದರಿಂದ.

ಎರಡನೇದು: ಸುಳ್ಳು ಸುದ್ದಿ ಹಬ್ಬಿಸಿದ ಹಾಗೆ ಆದ್ರೆ? ಇದು ಸುಮ್ಮನೆ ತಳ್ಳಿಹಾಕೋ ಮಾತಲ್ಲ. ಅಕ್ಕನ ಮನೆ ಪಾಂಡವಪುರದಲ್ಲಿದೆ. ಬೇಬಿ ಬೆಟ್ಟದ ಕಲ್ಲು ಗಣಿಗಾರಿಕೆಯಿಂದ ಅಣೆಕಟ್ಟೆಗೆ ಅಪಾಯ ಇದೆಯಾ ಅನ್ನೋ ಚರ್ಚೆ ಎದ್ದಾಗಲೆಲ್ಲ ಅವರ ವಾಟ್ಸ್ಯಾಪ್ ಗುಂಪಿಗೆ ಎಲ್ಲೆಲ್ಲಿಯದೋ ಬಿರುಕಿನ ಫೋಟೋ ಬಂದು ಬೀಳುತ್ತೆ. ಫಾರ್ವರ್ಡ್ ಮಾಡೋದೂ ‘ಹೇಳೋದೇ’ ಅಲ್ವಾ? ಅಲ್ಲ ಅಂತ ನನಗನ್ನಿಸುತ್ತೆ. ಹೇಳೋದು ಅಂದ್ರೆ ಎಲ್ಲಿ ಕೇಳಿದೆ, ಎಷ್ಟು ಹೊತ್ತಿಗೆ ಕೇಳಿದೆ ಅನ್ನೋದನ್ನ ಸೇರಿಸಿ, ನನ್ನ ಹೆಸರಿಟ್ಟು, ಒಬ್ಬ ಮನುಷ್ಯನಿಗೆ ಹೇಳೋದು. ತಪ್ಪಾದರೆ ಅವನು ನಾಳೆ ನನ್ನ ಮುಖ ನೋಡಿ ಕೇಳೋಕೆ ಆಗಬೇಕು. ಮುನ್ನೂರು ಜನರ ಗುಂಪಿಗೆ ಎಸೆದ ಮೆಸೇಜಿಗೆ ಆ ಮುಖ ಇರಲ್ಲ.

ಮೂರನೇದು ನಾನು ಅವತ್ತು ರಾತ್ರಿ ನಿಜವಾಗಿ ಮಾಡಿದ ವಾದ: ಯಾರಾದ್ರೂ ಹೇಳಿರ್ತಾರೆ. 1968ರಲ್ಲಿ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಅನ್ನೋ ಅಮೆರಿಕದ ಮನೋವಿಜ್ಞಾನಿಗಳು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ವಿದ್ಯಾರ್ಥಿಗಳನ್ನ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಇಂಟರ್‌ಕಾಮ್‌ನಲ್ಲಿ ಮಾತಾಡೋಕೆ ಹೇಳಿದ್ದರು. ಮಧ್ಯದಲ್ಲಿ ಒಬ್ಬನಿಗೆ ಫಿಟ್ಸ್ ಬಂದ ಹಾಗೆ ದನಿ ಕೇಳಿಸ್ತಿದ್ದರು. ತಾನೊಬ್ಬನೇ ಇದನ್ನ ಕೇಳ್ತಿದ್ದೀನಿ ಅಂದ್ಕೊಂಡವರಲ್ಲಿ ಶೇಕಡಾ 85 ಮಂದಿ, ಆ ದನಿ ನಿಲ್ಲೋದರೊಳಗೆ ಎದ್ದು ಹೋಗಿ ತಿಳಿಸಿದರು. ಇನ್ನೂ ನಾಲ್ಕು ಜನ ಕೇಳ್ತಿದ್ದಾರೆ ಅಂದ್ಕೊಂಡವರಲ್ಲಿ ಶೇಕಡಾ 31 ಮಾತ್ರ. ಎದ್ದು ಹೋಗದವರು ಕಲ್ಲುಮನಸ್ಸಿನವರೇನಲ್ಲ, ಅವರ ಕೈ ನಡುಗ್ತಿತ್ತು, ಬೆವರ್ತಿದ್ದರು. ಬೇರೆ ಯಾರೋ ಹೋಗಿರ್ತಾರೆ ಅಂತ ಕೂತಿದ್ದರು. ಥೇಟ್ ನನ್ನ ಹಾಗೆ.

ಇಲ್ಲಿ ನನ್ನ ವಾದಕ್ಕೇ ಒಂದು ಪೆಟ್ಟು ಬೀಳುತ್ತೆ ಅಂತ ನೀವು ಗಮನಿಸಿರಬಹುದು. ತುಂಬಾ ಜನ ಕೇಳಿಸಿಕೊಂಡಷ್ಟೂ ಒಬ್ಬೊಬ್ಬರ ಹೊಣೆ ಕಮ್ಮಿ ಆಗೋದಾದ್ರೆ, ಎಲ್ಲರಿಗೂ ಕೇಳಿಸೋ ರೇಡಿಯೋ ಯಾಕೆ ಬೇಕು? ಇದರ ಬಗ್ಗೆ ನಾನು ಬಹಳ ದಿನ ಯೋಚಿಸಿದೆ. ಆ ಪ್ರಯೋಗದಲ್ಲಿ ಒಂದು ವಿಷಯ ಮುಖ್ಯ: ಅವರು ಬೇರೆ ಬೇರೆ ಕೋಣೆಯಲ್ಲಿದ್ದರು. ಒಬ್ಬರ ಮುಖ ಒಬ್ಬರಿಗೆ ಕಾಣ್ತಿರಲಿಲ್ಲ. ಇನ್ನೊಬ್ಬರು ಎದ್ದರಾ ಇಲ್ವಾ ಅನ್ನೋದು ಗೊತ್ತಿರಲಿಲ್ಲ.

ಅದು ಇವತ್ತಿನ ಫೋನಿನ ಸ್ಥಿತಿ. 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ತುರ್ತು ಎಚ್ಚರಿಕೆಯ ಪರೀಕ್ಷೆ ಮಾಡಿದ್ದು ನೆನಪಿದೆಯಾ? ನಮ್ಮ ಆಫೀಸಲ್ಲಿ ಎಲ್ಲರ ಫೋನೂ ಒಟ್ಟಿಗೇ ಬಡ್ಕೊಂಡವು. ಎಲ್ಲರೂ ತಂತಮ್ಮ ಸ್ಕ್ರೀನ್ ನೋಡಿ, ಓಕೆ ಒತ್ತಿ, ಕೆಲಸಕ್ಕೆ ವಾಪಸ್ಸು. ಒಳ್ಳೇ ವ್ಯವಸ್ಥೆ ಅದು, ಜೀವ ಉಳಿಸಬಲ್ಲದು, ಟವರು ಮತ್ತು ಚಾರ್ಜು ಇರೋವರೆಗೆ. 2018ರ ಆಗಸ್ಟಲ್ಲಿ ಕೊಡಗಿನ ಗುಡ್ಡ ಕುಸಿದಾಗ ರಸ್ತೆ, ಕರೆಂಟು, ಫೋನು ಮೂರೂ ಇಲ್ಲದ ಊರುಗಳಿದ್ದವು. ಆದರೆ ಟವರ್ ಇದ್ದಾಗಲೂ ಫೋನಿನ ಸುದ್ದಿ ಒಬ್ಬೊಬ್ಬರ ಕೋಣೆಗೆ ಹೋಗುತ್ತೆ. ಜಗಲಿ ಮೇಲಿನ ರೇಡಿಯೋ ಸುತ್ತ ಕೂತಾಗ ಯಾರು ಬಂದಿದ್ದಾರೆ ಅನ್ನೋದರ ಜೊತೆ ಯಾರು ಬಂದಿಲ್ಲ ಅನ್ನೋದೂ ಕಾಣುತ್ತೆ. "ಅವ್ನೆಲ್ಲಿ, ತಿಥಿಗೋಗವ್ನಾ? ಅವ್ನಿಗೊಂದ್ ಮಾತ್ ಹೇಳ್ರಲಾ" ಅನ್ನೋ ಮಾತು ಹುಟ್ಟೋದು ಅಲ್ಲಿ.

ಹಾಗಂತ ಹಳೇ ಕಾಲ ಚಿನ್ನ ಅಂತ ನಾನು ಹೇಳ್ತಿಲ್ಲ. ಯಾರ ಜಗಲಿ ಮೇಲೆ ಯಾರು ಕೂರಬಹುದಿತ್ತು, ಯಾರು ಅಂಗಳದಲ್ಲೇ ನಿಂತು ಕೇಳಬೇಕಿತ್ತು ಅನ್ನೋದು ನಮಗೆಲ್ಲ ಗೊತ್ತು. ಆದರೂ ಗೋಡೆ ದಾಟೋ ದನಿಗೆ ಒಂದು ಗುಣ ಇದೆ. ಅದು ಕೇಳಿಸಿಕೊಳ್ಳೋಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಈಗ ನನ್ನ ಬಳಗದ ನಾಲ್ಕು ತಾಲ್ಲೂಕಿಗೆ ನಾಲ್ಕು ರೇಡಿಯೋ ಆರಿಸಿದ್ದೀನಿ. ಅನುಭವದಿಂದ ಕಲಿತದ್ದನ್ನ ಹೇಳ್ತೀನಿ, ಬೇಕಾದವರು ಉಪಯೋಗಿಸಿಕೊಳ್ಳಿ.

ಮೊದಲು ಸ್ಪೀಕರ್ ನೋಡಿ. ಅಂಗಳದಲ್ಲಿ ನಿಂತವನಿಗೆ ಮಾತು ಸ್ಪಷ್ಟವಾಗಿ ಕೇಳಬೇಕು. ಮುಳ್ಳು ಓಡೋ ಹಳೇ ಥರದ ಡಯಲ್ ಇದ್ದರೆ 612 ತಾನಾಗೇ ಸಿಗುತ್ತೆ. ಡಿಜಿಟಲ್ ಆದರೆ 9 ಕಿಲೋಹರ್ಟ್ಸ್ ಹೆಜ್ಜೆ ಇದೆಯಾ ಅಂತ ಕೇಳಿ. ಎಫ್‌ಎಂ ಜೊತೆ ಮೀಡಿಯಂ ವೇವ್ ಇರಲೇಬೇಕು. ಎಫ್‌ಎಂ ಅಲೆ ಹೆಚ್ಚುಕಮ್ಮಿ ನೇರವಾಗಿ ಸಾಗುತ್ತೆ, ದೂರ ಹೋದಷ್ಟೂ, ಗುಡ್ಡ ಅಡ್ಡ ಬಂದಷ್ಟೂ ಸೊರಗುತ್ತೆ. ಮೀಡಿಯಂ ವೇವ್ ನೆಲ ಹಿಡಿದುಕೊಂಡು ಬರುತ್ತೆ. ಹೊಳೆ ಬದಿಯ ಶ್ರೀರಂಗಪಟ್ಟಣಕ್ಕೆ ಮೈಸೂರು ಹತ್ತಿರ. ನಾಗಮಂಗಲದ ಚಿಕ್ಕಮ್ಮನ ಮನೆ ತೋಟದ ನಡುವೆ, ಹತ್ತಿರದ ಇನ್ನೊಂದು ಮನೆಗೆ ಕೂಗಿದರೂ ಕೇಳಲ್ಲ. ಅಲ್ಲಿ ಹೊಳೆ ಇಲ್ಲ, ಗಾಳಿಮಳೆಗೆ ಕರೆಂಟು ಕಂಬ ಬೀಳೋದು ಅವರ ಚಿಂತೆ. ಕೆ.ಆರ್. ಪೇಟೆ ಕಡೆಯವರಿಗೆ ಹೇಮಾವತಿಯದ್ದೇ ಲೆಕ್ಕ. ಆದ್ದರಿಂದ ಯಾವ ಊರಿಗೆ ಕೊಡ್ತೀರೋ ಆ ಊರಲ್ಲೇ, ಆ ಮನೆಯಲ್ಲೇ ಟ್ಯೂನ್ ಮಾಡಿ ನೋಡಿ.

ಹ್ಯಾಂಡಲ್ ಬೇಡವಾ? ಇರಲಿ, ಸೆಲ್ಲು ಮುಗಿದಾಗ ಅದೇ ಗತಿ. ಒಂದು ನಿಮಿಷ ತಿರುಗಿಸಿದರೆ ಕೆಲವು ನಿಮಿಷ ವಾರ್ತೆ ಕೇಳಬಹುದು. ಆದರೆ ಅದರಲ್ಲಿ ಫೋನ್ ಪೂರ್ತಿ ಚಾರ್ಜ್ ಮಾಡ್ತೀನಿ ಅಂದ್ರೆ ಐದಾರು ಗಂಟೆಗೂ ಹೆಚ್ಚು ತಿರುಗಿಸಬೇಕು, ಕೈ ಬಿದ್ದುಹೋಗುತ್ತೆ. ಅಂಗೈಯಗಲದ ಸೋಲಾರ್ ಪ್ಲೇಟು ಬಿರುಬಿಸಿಲಲ್ಲಿ ಇಡೀ ದಿನ ಇಟ್ಟರೆ ಒಂದಿಷ್ಟು ತುಂಬುತ್ತೆ. ನಮಗೆ ಬೇಕಾಗೋದು ಮಳೆಗಾಲದ ಮೋಡದಲ್ಲಿ, ಆಗ ಅದನ್ನ ನಂಬಿ ಕೂರಬೇಡಿ. ಊರಿನ ಅಂಗಡಿಯಲ್ಲಿ ಸಿಗೋ ಸಾಮಾನ್ಯ ಸೆಲ್ಲು ಹಾಕೋಕೆ ಬರೋ ಸೆಟ್ಟೇ ಒಳ್ಳೇದು. ಒಳಗೇ ಇರೋ ಲಿಥಿಯಂ ಬ್ಯಾಟರಿಯನ್ನ ವರ್ಷಗಟ್ಟಲೆ ಚಾರ್ಜ್ ಮಾಡದೆ ಬಿಟ್ಟರೆ ಬೇಕಾದ ದಿನ ಅದು ಸತ್ತಿರುತ್ತೆ. ಸಾಮಾನ್ಯ ಸೆಲ್ಲನ್ನೂ ಒಳಗೇ ಬಿಟ್ಟು ಮರೆತರೆ ಸೋರಿ ಸೆಟ್ಟು ಹಾಳಾಗುತ್ತೆ.

ಹಾಗಾಗಿ ಕೊನೇ ಮಾತು: ಶೋಕೇಸಲ್ಲಿ ಇಡಬೇಡಿ. ದಿನಾ ಬೆಳಗ್ಗೆ ಭಕ್ತಿಗೀತೆಗೋ, ಕೃಷಿರಂಗಕ್ಕೋ ಹಾಕ್ತಾ ಇರಿ. ದಿನಾ ಬಳಸೋ ವಸ್ತು ಕೆಟ್ಟರೆ ಅವತ್ತೇ ಗೊತ್ತಾಗುತ್ತೆ. ಮನುಷ್ಯರ ವಿಷಯದಲ್ಲೂ ಇದೇ ಅನುಭವ ನನ್ನದು. ವರ್ಷಕ್ಕೊಮ್ಮೆ ಮಾತಾಡೋ ಮಾವನಿಗೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡೋಕೆ ಸಂಕೋಚ ಆಗುತ್ತೆ. ಅವತ್ತು ನನ್ನನ್ನ ತಡೆದದ್ದರಲ್ಲಿ ಆ ಸಂಕೋಚದ ಪಾಲೂ ಇತ್ತು ಅಂತ ಈಗ ಅನ್ನಿಸುತ್ತೆ.

ಮೇಕೆ ವಿಷಯ ಮಾವನಿಗೆ ಹೇಳಿದೆ. ಹಬ್ಬದ ಮಾರನೇ ದಿನ, ಹೊಳೆ ದಂಡೇಲಿ. "ಅವತ್ತು ರಾತ್ರಿ ನಂಗೆ ಗೊತ್ತಿತ್ತು ಮಾವ, ಹೇಳ್ಬೇಕು ಅನ್ಸುದ್ರೂ ಹೇಳ್ಲಿಲ್ಲ." ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಪರವಾಗಿಲ್ಲ ಅನ್ನಲಿಲ್ಲ. "ಇನ್ಮ್ಯಾಕ್ ಮಾಡು" ಅಂದ, ಅಷ್ಟೇ.

2025ರಲ್ಲಿ ಜೂನ್ ತಿಂಗಳಲ್ಲೇ ಕೆಆರ್‌ಎಸ್ ತುಂಬಿತು. ಹೊರಹರಿವು ಹೆಚ್ಚಿಸೋ ಸುದ್ದಿ ಕೇಳಿದ ತಕ್ಷಣ, ಮೀಟಿಂಗ್ ನಡುವೆ ಎದ್ದು ಹೊರಗೆ ಬಂದು ಮಾವನಿಗೆ ಫೋನ್ ಮಾಡಿದೆ. ಎಲ್ಲಿ ಓದಿದೆ, ಎಷ್ಟು ಹೊತ್ತಿಗೆ ಓದಿದೆ ಅಂತ ಹೇಳಿದೆ.

"ಗೊತ್ತು ಕಣ್ ಮಗ, ನಿಮ್ಮವ್ವ ರೇಡಿಯೋ ಕೇಳಿ ಆಗ್ಲೇ ಕೂಗುದ್ಲು. ಮೋಟ್ರು ಎತ್ತಾಕಿವ್ನಿ" ಅಂದ. ಆಮೇಲೆ, "ಕೆಳುಗಡೆ ಗದ್ದೆಯವ್ನು ಪಾಂಡವಪುರುಕ್ಕೋಗವ್ನೆ. ಅವ್ನ ನಂಬರ್ ಹೇಳ್ತೀನಿ ಬರ್ಕೊ, ಒಂದ್ ಮಾತ್ ಹೇಳ್ಬುಡು. ನನ್ ಫೋನಲ್ಲಿ ಕರೆನ್ಸಿ ಇಲ್ಲ."

ಪೆನ್ ಇರಲಿಲ್ಲ. ಅವನು ಹೇಳಿದ ಹತ್ತು ಅಂಕಿಯನ್ನ ಬಾಯಲ್ಲೇ ಹೇಳ್ಕೊಂಡು ಡಯಲ್ ಮಾಡಿದೆ.